ಪಾವ್‌ಗೂ ಕಾಲುಭಾಗಕ್ಕೂ ಏನ್ ಸಂಬಂಧ ಸ್ವಾಮಿ?

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಅಡುಗೆ ಪುಟದಲ್ಲಿ ವಡಾಪಾವ್ ಬಗ್ಗೆ ಬರೆದವರು, ನಾಲ್ಕು ಬನ್ ಒಟ್ಟಿಗೆ ಅಂಟ್ಕೊಂಡಿರತ್ತೆ, ಒಂದನ್ನ ಕಿತ್ತರೆ ಕಾಲುಭಾಗ, ಅದಕ್ಕೇ ಪಾವ್ ಅಂತ ಹೆಸರು ಬಂತು ಅಂದಿದಾರೆ. ಈ ಕಥೆ ಮುಂಬೈಲಿ ಎಲ್ರ ಬಾಯಲ್ಲೂ ಇದೆ, ವಾಟ್ಸಾಪಲ್ಲೂ ಓಡಾಡತ್ತೆ, ಅಲ್ಲೇ ಇದ್ದಿದ್ರೆ ನಾನೂ ಸುಮ್ನಿರ್ತಿದ್ದೆ, ಆದ್ರೆ ಪೇಪರಲ್ಲಿ ಅಚ್ಚಾದ್ರೆ ಖಾಯಂ ಆಗ್ಬಿಡತ್ತಲ್ಲ ಅಂತ ಬರೀತಿದೀನಿ. ನಮ್ಮ ಡೊಂಬಿವಲಿ ಬೇಕರೀಲಿ ಒಂದು ಲಾದಿ (ಒಟ್ಟಿಗೆ ಅಂಟ್ಕೊಂಡಿರೋ ಪಾವ್‌ಗಳ ಹಲಗೆ) ತಗೊಂಡ್ರೆ ಆರು ಪಾವ್ ಬರತ್ತೆ, ಹಾಗಾದ್ರೆ ಅದನ್ನ ಏನಂತ ಕರೀಬೇಕು?

ತಿನ್ನೋ ಪಾವ್ ಪೋರ್ಚುಗೀಸರದ್ದು. ಬ್ರೆಡ್ಡಿಗೆ ಅವರು ಮೂಗಲ್ಲಿ ಎಳೆದು 'ಪಾಂವ್' ಅಂತಾರೆ, ಅದು ಬಂದಿದ್ದು ಲ್ಯಾಟಿನ್‌ನ 'ಪಾನಿಸ್'ನಿಂದ. 1510ರಲ್ಲಿ ಗೋವಾ ಅವರ ಕೈಸೇರ್ತು, 1534ರಲ್ಲಿ ಗುಜರಾತಿನ ಬಹಾದುರ್ ಷಾ ಮುಂಬೈ ದ್ವೀಪಗಳನ್ನೂ ಬಿಟ್ಟುಕೊಟ್ಟ, ಅವರ ಜೊತೆ ಬ್ರೆಡ್ಡೂ ಬಂತು. ಗೋವಾದಲ್ಲಿ ಹಿಟ್ಟು ಹುದುಗಿಸೋಕೆ ಶೇಂದಿ ಹಾಕ್ತಿದ್ರು, ಇವತ್ತಿಗೂ ಸೈಕಲ್ ಮೇಲೆ ಪೋಂ ಪೋಂ ಅಂತ ಹಾರ್ನ್ ಒತ್ಕೊಂಡು ಬರೋ ಪಾವ್‌ನವನಿಗೆ ಕೊಂಕಣಿಯಲ್ಲಿ 'ಪೊದೇರ್' ಅಂತಾರೆ, ಅದೂ ಪೋರ್ಚುಗೀಸಿನ 'ಪಾದೇಯ್ರು' ಅನ್ನೋದೇ. ಇನ್ನೊಂದು ಮಜಾ ಏನಂದ್ರೆ ಅದೇ ಪೋರ್ಚುಗೀಸರು 1543ರಲ್ಲಿ ಜಪಾನ್ ಮುಟ್ಟಿದ್ರು, ಅಲ್ಲಿ ಬ್ರೆಡ್ಡಿಗೆ ಈಗಲೂ 'ಪಾನ್' ಅಂತಾರೆ! ಟೋಕಿಯೋಗೆ ಹೋದ ನಮ್ಮೋರು ಪಾನ್ ಕೇಳಿದ್ರೆ ಎಲೆ ಅಡಿಕೆ ಸಿಗಲ್ಲ, ನಮ್ಮ ಪಾನ್ ಸಂಸ್ಕೃತದ 'ಪರ್ಣ'ದ ಕಡೆಯದ್ದು.

ಈಗ ಕಾಲುಭಾಗಕ್ಕೆ ಬರೋಣ. ಮರಾಠಿಯ 'ಪಾವ್ ಕಿಲೋ', ನಮ್ಮಮ್ಮ ಅಕ್ಕಿ ಅಳೀತಿದ್ದ ಪಾವು (ನಾಲ್ಕು ಪಾವಿಗೆ ಒಂದು ಸೇರು), ಹಳಬರ ನಾಲ್ಕಾಣೆ ಪಾವಲಿ, ಇವೆಲ್ಲ ಸಂಸ್ಕೃತದ 'ಪಾದ'ದಿಂದ ಇಳಿದು ಬಂದವು. ದನಕ್ಕೆ ನಾಲ್ಕು ಕಾಲು, ಒಂದು ಕಾಲು ಅಂದ್ರೆ ನಾಲ್ಕರಲ್ಲಿ ಒಂದು, ಲೆಕ್ಕ ಇಷ್ಟೇ. ಶ್ಲೋಕದ ನಾಲ್ಕನೇ ಒಂದು ಭಾಗಕ್ಕೂ ಪಾದ ಅಂತೀವಲ್ಲ. ಹಿಂದಿಯವರ ಪಾಂವ್ ಅಂದ್ರೆ ಕಾಲು, ಅದೂ ಇದೇ ಮನೆತನ. ಆದ್ರೆ ಲೇಖಕರ ಕಣ್ಣಿಗೆ ಬೀಳಬೇಕಾಗಿದ್ದು ಬೇರೇನೇ ಇತ್ತು, ಸಂಸ್ಕೃತದ ಹಂಗೇ ಇಲ್ಲದ ನಮ್ಮ ಅಚ್ಚಕನ್ನಡದ 'ಕಾಲು' ನೋಡಿ, ನಡೆಯೋ ಕಾಲೂ ಅದೇ, ಕಾಲು ಕೆಜಿಯ ಕಾಲೂ ಅದೇ, ಮೂರು ಕಾಲು ಸೇರಿದ್ರೆ ಮುಕ್ಕಾಲು! ತಮಿಳಲ್ಲೂ ಹೀಗೇನೆ. ಸಂಬಂಧವೇ ಇಲ್ಲದ ಎರಡು ಭಾಷಾ ಕುಟುಂಬದಲ್ಲಿ ಅಂಗಕ್ಕೂ ಅಳತೆಗೂ ಒಂದೇ ಹೆಸರು, ಅದೇ ಉಚ್ಚಾರಕ್ಕೆ ಹತ್ತಿರ ಇರೋ ಬ್ರೆಡ್ಡಿನ ಪಾವ್ ಮಾತ್ರ ಪೂರ್ತಿ ಹೊರಗಿನೋನು. ಹಿಟ್ಟನ್ನ ಕಾಲಲ್ಲಿ ತುಳೀತಾರೆ, ಅದಕ್ಕೆ ಪಾವ್ ಅನ್ನೋ ಇನ್ನೊಂದು ಕಥೆನೂ ಇದೆ, ಮಡಿಯ ಅಜ್ಜಿಯರು ಮಕ್ಕಳನ್ನ ಹೆದರಿಸೋಕೆ ಚೆನ್ನಾಗಿತ್ತು, ಪದದ ಮೂಲಕ್ಕೆ ಮಾತ್ರ ಅದೂ ಉಪಯೋಗಕ್ಕೆ ಬರಲ್ಲ.

ಹಳಗನ್ನಡ ಓದಿದೋರಿಗೆ ಇನ್ನೊಂದು ಪಾವು ಗೊತ್ತಿರತ್ತೆ, ಹಾವು. ಪಾಲು ಹಾಲಾಯ್ತು, ಪೂ ಹೂವಾಯ್ತು, ಹಂಗೇ ಪಾವು ಹಾವಾಯ್ತು. ತಮಿಳಲ್ಲಿ ಪಾಂಬು, ತೆಲುಗಲ್ಲಿ ಪಾಮು, ಅಲ್ಲೆಲ್ಲ 'ಪ' ಹಾಗೇ ಉಳ್ಕೊಂಡಿದೆ. ಇನ್ನು ನಮ್ಮ ಬಿಲ್ಡಿಂಗಿನ ಮರಾಠಿ ಕಾಕು ಕೆಲ್ಸ ಆದ್ರೆ ಸಾಕು 'ದೇವ್ ಪಾವಲಾ' ಅಂತಾರೆ, ದೇವರು ಒಲಿದ ಅಂತ, ಆ ಪಾವ್ ಸಂಸ್ಕೃತದ 'ಪ್ರಾಪ್'ನದ್ದು, ಅದಕ್ಕೂ ಬೇಕರಿಗೂ ಸಂಬಂಧ ಇಲ್ಲ.

ಸೌಂಡ್ ಒಂದೇ ಇದೆ ಅಂತ ಗಂಟು ಹಾಕೋದಾದ್ರೆ ವಡಾಪಾವಲ್ಲಿ ಹಾವೂ ಇದೆ ಅಂತ ನಾಳೆ ಯಾರಾದ್ರೂ ಬರೀತಾರೆ. ಮುಂದಿನ ಭಾನುವಾರ ಒಂದು ಸಾಲಿನ ತಿದ್ದುಪಡಿ ಹಾಕಿ, ಸಾಕು. ಉಳಿದಂತೆ ಲೇಖನ ಚೆನ್ನಾಗಿತ್ತು, ಒಣ ಬೆಳ್ಳುಳ್ಳಿ ಚಟ್ನಿಯ ಅಳತೆ ಮಾತ್ರ ಸ್ವಲ್ಪ ಜಾಸ್ತಿ ಆಯ್ತು ಅಂತ ನಮ್ಮನೆಯವಳ ಅಭಿಪ್ರಾಯ.

ಇಂತಿ,
ನಿಮ್ಮ ಹಳೇ ಓದುಗ,
ಡೊಂಬಿವಲಿ ಪೂರ್ವ