ಸನ್ಮಾನಕ್ಕೆ ಸಮಯವಿತ್ತು, 1948ರ ತೀರ್ಪಿಗೆ ಇರಲಿಲ್ಲ

ಮಾನ್ಯ ಸಂಪಾದಕರೇ,

ಭಾನುವಾರ ನಮ್ಮ ರಂಗಮಂದಿರದಲ್ಲಿ ನಡೆದ ಹಾಲಿವುಡ್ ಸ್ಟುಡಿಯೊ ವ್ಯವಸ್ಥೆ ಕುರಿತ ಉಪನ್ಯಾಸವನ್ನು ನಿಮ್ಮ ವರದಿಗಾರರು ‘ಅರ್ಥಪೂರ್ಣ’ ಎಂದು ಕೊಂಡಾಡಿದ್ದಾರೆ. ಅವರು ಎಷ್ಟು ಹೊತ್ತಿಗೆ ಎದ್ದು ಹೋದರೋ ತಿಳಿಯದು. ಕೊನೆಯವರೆಗೂ ಕುಳಿತಿದ್ದ ನಮ್ಮಂಥವರಿಗಂತೂ ಅಂಥ ಅರ್ಥವೇನೂ ದಕ್ಕಲಿಲ್ಲ.

ಹತ್ತೂವರೆಗೆ ಆರಂಭವೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಮುಖ್ಯ ಅತಿಥಿಗಳು ದಯಮಾಡಿಸಿದ್ದು ಹನ್ನೆರಡರ ಸುಮಾರಿಗೆ. ಬಾಗಿಲಲ್ಲಿ ನೂರು ರೂಪಾಯಿ ನೋಂದಣಿ ಶುಲ್ಕ ಪಡೆದವರು ರಶೀದಿ ಪುಸ್ತಕ ಮುಗಿದಿದೆ ಎಂದರು. ಕುಡಿಯುವ ನೀರಿನ ಕ್ಯಾನು ಖಾಲಿ, ಫ್ಯಾನುಗಳು ವೇದಿಕೆಯ ಮೇಲೆ ಮಾತ್ರ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಸಾವಕಾಶವಾಗಿ ಮುಗಿಯುವವರೆಗೆ ಹಿಂದಿನ ಪರದೆಯ ಮೇಲೆ ಎಂಜಿಎಂ ಸ್ಟುಡಿಯೊದ ಮುಖ್ಯಸ್ಥ ಲೂಯಿ ಬಿ. ಮೇಯರ್ ಅವರ ಚಿತ್ರ ಅಲುಗಾಡದೆ ನಿಂತಿತ್ತು. ಅತಿಥಿಗಳಿಗೆ ತೊಡಿಸಿದ ಮೈಸೂರು ಪೇಟದ ನೆರಳು ಅವರ ದುಂಡು ಕನ್ನಡಕದ ಮೇಲೆ ಬಿದ್ದು, ಸನ್ಮಾನ ತಮಗೇ ನಡೆಯುತ್ತಿದೆಯೆಂದು ಮೇಯರ್ ನಂಬಿದಂತೆ ಕಾಣುತ್ತಿತ್ತು.

ಉಪನ್ಯಾಸಕರಿಗೆ ಉಳಿದದ್ದು ಅರ್ಧ ಗಂಟೆಗೂ ಕಡಿಮೆ. ಅದರಲ್ಲಿ ತಾರೆಯರ ಉಡುಗೆ ತೊಡುಗೆ, ಎಂಜಿಎಂ ಲಾಂಛನದ ಸಿಂಹದ ಗರ್ಜನೆ ಇತ್ಯಾದಿಗಳಾಗುವಷ್ಟರಲ್ಲಿ ಚೀಟಿ ಬಂತು. ದೊಡ್ಡ ಸ್ಟುಡಿಯೊಗಳ ಹಿಡಿತ ಸಡಿಲಿಸಿದ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ವರ್ಷವಾದ 1948 ಎಂದು ಬರೆದಿದ್ದ ಸ್ಲೈಡು ಮಿಂಚಿ ಮಾಯವಾಯಿತು, ‘ಕೊನೆಗೆ ಟಿ.ವಿ. ಬಂದು ಸ್ಟುಡಿಯೊಗಳ ಕಾಲ ಮುಗಿಯಿತು’ ಎಂಬ ಒಂದು ಸಾಲಿನೊಂದಿಗೆ ವಂದನಾರ್ಪಣೆ ನಡೆಯಿತು. ನಿಮ್ಮ ವರದಿಯೂ ಆ ಸಾಲನ್ನೇ ತಲೆಬರಹ ಮಾಡಿಕೊಂಡಿದೆ. ಗಾಂಧಿನಗರದ ಹಂಚಿಕೆ ಕಚೇರಿಯೊಂದರಲ್ಲಿ ದಿನದ ಕಲೆಕ್ಷನ್ ಲೆಕ್ಕ ಬರೆದು ನಿವೃತ್ತನಾದ ನನಗೆ ಇದನ್ನು ಓದಿ ಸುಮ್ಮನಿರಲಾಗಲಿಲ್ಲ.

ಪ್ಯಾರಾಮೌಂಟ್, ಎಂಜಿಎಂನ ಒಡೆತನ ಹೊಂದಿದ್ದ ಲೋಸ್, ವಾರ್ನರ್, ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮತ್ತು ಆರ್‌ಕೆಒ ಎಂಬ ಐದು ದೊಡ್ಡ ಕಂಪನಿಗಳ ಬಲವಿದ್ದದ್ದು ತಾರೆಯರಲ್ಲಿ ಮಾತ್ರವಲ್ಲ; ಚಿತ್ರ ತೆಗೆಯುವವರೂ ತಾವೇ, ಹಂಚುವವರೂ ತಾವೇ, ತೋರಿಸುವ ಚಿತ್ರಮಂದಿರದ ಮಾಲೀಕರೂ ತಾವೇ ಆಗಿದ್ದದ್ದರಲ್ಲಿ. 1945ರಲ್ಲಿ ಅಮೆರಿಕದ 18,076 ಚಿತ್ರಮಂದಿರಗಳ ಪೈಕಿ ಈ ಐವರ ಪಾಲಿದ್ದವು 3,137, ಅಂದರೆ ನೂರಕ್ಕೆ ಹದಿನೇಳರಷ್ಟು ಮಾತ್ರ. ಇಷ್ಟೇನಾ ಎಂದು ಮೂಗು ಮುರಿಯುವವರು ಮುಂದಿನ ಅಂಕಿಯನ್ನೂ ನೋಡಬೇಕು: ಯೂನಿವರ್ಸಲ್, ಕೊಲಂಬಿಯಾ, ಯುನೈಟೆಡ್ ಆರ್ಟಿಸ್ಟ್ಸ್ ಸೇರಿದಂತೆ ಎಂಟೂ ಕಂಪನಿಗಳಿಗೆ ದೇಶದೊಳಗೆ ಬರುತ್ತಿದ್ದ ಚಿತ್ರ ಬಾಡಿಗೆಯಲ್ಲಿ ಶೇ 45ರಷ್ಟು ಆ ಚಿತ್ರಮಂದಿರಗಳಿಂದಲೇ ಬರುತ್ತಿತ್ತು. ಲಕ್ಷಕ್ಕೂ ಮೀರಿದ ಜನಸಂಖ್ಯೆಯ ನಗರಗಳಲ್ಲಿ ಹೊಸ ಚಿತ್ರ ಮೊದಲು ಬಿಡುಗಡೆಯಾಗುವ ಚಿತ್ರಮಂದಿರಗಳ ಪೈಕಿ ಕನಿಷ್ಠ ಶೇ 70ರಷ್ಟು ಈ ಐವರೊಂದಿಗೆ ನಂಟು ಹೊಂದಿದ್ದವು. ಹಣ ಹುಟ್ಟುವುದು ಅಲ್ಲಿಯೇ ಎಂಬುದು ಲೆಕ್ಕ ಬರೆದವರಿಗೆಲ್ಲ ಗೊತ್ತು.

ಉಳಿದ ಸ್ವತಂತ್ರ ಮಾಲೀಕರ ಪಾಡೇನು? ಕ್ಲಾರ್ಕ್ ಗೇಬಲ್ ನಟಿಸಿದ ಒಂದು ಚಿತ್ರ ಬೇಕಾದರೆ, ಅದರೊಂದಿಗೆ ಕಟ್ಟಿದ ಇನ್ನಷ್ಟು ಚಿತ್ರಗಳನ್ನು ನೋಡದೆಯೇ ಒಪ್ಪಿಕೊಳ್ಳಬೇಕಿತ್ತು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಜೊತೆಗೆ ಬೇಡದ ಸೋಪು, ಟೀಪುಡಿಯನ್ನೂ ಚೀಲಕ್ಕೆ ತುರುಕುತ್ತಾರಲ್ಲ, ಹಾಗೆ. ಅದಕ್ಕೆ ಮೇಲಾಗಿ, ಮೊದಲ ಬಿಡುಗಡೆಯ ಚಿತ್ರಮಂದಿರದಲ್ಲಿ ಓಡಿದ ಚಿತ್ರ ಎಷ್ಟು ದಿನ ಕಳೆದ ಮೇಲೆ ಎರಡನೆಯ ದರ್ಜೆಯವರ ಕೈಗೆ ಸಿಗಬೇಕು, ಟಿಕೆಟಿನ ಕನಿಷ್ಠ ದರ ಎಷ್ಟಿರಬೇಕು ಎಂಬುದನ್ನೂ ಕಂಪನಿಗಳೇ ಗೊತ್ತುಮಾಡುತ್ತಿದ್ದವು.

ಅಮೆರಿಕದ ನ್ಯಾಯ ಇಲಾಖೆ ಮೊಕದ್ದಮೆ ಹೂಡಿದ್ದು 1938ರಲ್ಲಿ. 1940ರ ರಾಜಿಯಂತೆ ಒಂದು ಕಟ್ಟಿಗೆ ಐದೇ ಚಿತ್ರ ಎಂಬ ಮಿತಿ ಬಂದರೂ ಅದು ಬಾಳಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದ ತೀರ್ಪು ಹೊರಬಿದ್ದದ್ದು 1948ರ ಮೇ 3ರಂದು. ಕಟ್ಟು ವ್ಯಾಪಾರವೂ ದರ ನಿಗದಿಯೂ ಕಾನೂನುಬಾಹಿರವಾದವು. ಆ ತೀರ್ಪಿನ ಬಳಿಕ ತನ್ನ ಚಿತ್ರಮಂದಿರಗಳನ್ನು ಬೇರ್ಪಡಿಸಲು ಮೊದಲು ಒಪ್ಪಿದ್ದು ಉದ್ಯಮಿ ಹೋವರ್ಡ್ ಹ್ಯೂಸ್ ಕೈಯಲ್ಲಿದ್ದ ಆರ್‌ಕೆಒ, ಅದರ ಬೆನ್ನಿಗೆ ಪ್ಯಾರಾಮೌಂಟ್. ಎಳೆದಾಡುತ್ತಾ ಎಲ್ಲರಿಗಿಂತ ಕೊನೆಗೆ 1959ರಲ್ಲಿ ಬಿಟ್ಟುಕೊಟ್ಟದ್ದು ಲೋಸ್. ಟಿ.ವಿ.ಯ ಪಾತ್ರವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ತೀರ್ಪು ಬಂದಾಗ ಅಮೆರಿಕದ ಬಹುಪಾಲು ಮನೆಗಳಲ್ಲಿ ಟಿ.ವಿ. ಇರಲೇ ಇಲ್ಲ. ಪ್ಯಾರಾಮೌಂಟ್‌ನಿಂದ ಬೇರ್ಪಟ್ಟ ಚಿತ್ರಮಂದಿರ ಕಂಪನಿಯೇ 1953ರಲ್ಲಿ ಎಬಿಸಿ ಟಿ.ವಿ. ಜಾಲದೊಂದಿಗೆ ಸೇರಿಕೊಂಡಿತು ಎಂಬ ಸ್ವಾರಸ್ಯವನ್ನಾದರೂ ಹೇಳಬಹುದಿತ್ತು. ಅದಕ್ಕೆ ಬೇಕಿದ್ದದ್ದು ಒಂದು ಶಾಲು ಹೊದಿಸುವಷ್ಟು ಸಮಯ.

ಒಲಿವಿಯಾ ಡಿ ಹ್ಯಾವಿಲೆಂಡ್ ಅವರ ಚಿತ್ರವನ್ನು ತೋರಿಸಿ ‘ಸುಂದರಿ’ ಎಂದಷ್ಟೇ ಹೇಳಿದ್ದು ಇನ್ನೂ ಬೇಸರದ ಸಂಗತಿ. ಒಲ್ಲದ ಪಾತ್ರವನ್ನು ನಿರಾಕರಿಸಿದ ನಟಿಯನ್ನು ಅಮಾನತಿನಲ್ಲಿಟ್ಟು, ಆ ಅವಧಿಯನ್ನೂ ಏಳು ವರ್ಷದ ಕರಾರಿಗೆ ಸೇರಿಸುತ್ತಿದ್ದ ವಾರ್ನರ್ ಕಂಪನಿಯ ವಿರುದ್ಧ ಕೋರ್ಟಿಗೆ ಹೋಗಿ 1944ರಲ್ಲಿ ಗೆದ್ದವರು ಅವರು. ಏಳು ವರ್ಷವೆಂದರೆ ಕ್ಯಾಲೆಂಡರಿನ ಏಳು ವರ್ಷವೇ ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಹೇಳಿತು.

ಈ ಉಪನ್ಯಾಸ ಏರ್ಪಡಿಸಿದ ನಮ್ಮ ಇಲಾಖೆಯವರಿಗೆ ಇದೇನೂ ಹೊಸದಲ್ಲ. ಹಿಂದೊಮ್ಮೆ ಇದೇ ಸಭಾಂಗಣದಲ್ಲಿ 1930ರ ದಶಕದ ಹಾಲಿವುಡ್ ಚಿತ್ರವೊಂದನ್ನು ತೋರಿಸುವಾಗ ಡಿಸ್ಕು ನಡುವೆಯೇ ನಿಂತಿತು. ಮುಂದೇನಾಯಿತೆಂದು ಕೇಳಿದರೆ, ‘ಕಥೆ ಅಷ್ಟೇ ಸಾರ್’ ಎಂದರು ಅಧಿಕಾರಿಗಳು. ಗ್ರಂಥಾಲಯದಲ್ಲಿರುವ ಸಿನಿಮಾ ಇತಿಹಾಸದ ಪುಸ್ತಕಗಳಿಗೆ ಗಾಜಿನ ಬೀರುವಿನಲ್ಲಿ ಕಾಯಂ ವಾಸ. ಬೀಗದ ಕೈ ಇರುವವರು ರಜೆಯಲ್ಲಿರುತ್ತಾರೆ. ರಜೆ ಮುಗಿಸಿ ಬಂದವರ ಬಳಿ ಬೀಗದ ಕೈ ಇರುವುದಿಲ್ಲ. ವರ್ಗಾವಣೆಯಾಗಿ ಹೋದವರೊಬ್ಬರು ಅದನ್ನು ಜೇಬಿನಲ್ಲೇ ಒಯ್ದಿದ್ದಾರೆಂಬ ಮಾತೂ ಇದೆ. ಅಮೆರಿಕದಲ್ಲಿ 2020ರಲ್ಲಿ ನ್ಯಾಯಾಲಯ 1948ರ ತೀರ್ಪಿನ ಬೆನ್ನಿಗೆ ಬಂದ ಆ ಹಳೆಯ ನಿರ್ಬಂಧಗಳನ್ನೇ ತೆರವುಗೊಳಿಸಿತು. ನಮ್ಮ ಬೀರು ಇನ್ನೂ ತೆರೆದಿಲ್ಲ.

ಆದುದರಿಂದ ಈ ಉಪನ್ಯಾಸವನ್ನು ಅದೇ ವಿದ್ವಾಂಸರಿಂದ ಮತ್ತೊಮ್ಮೆ ಪೂರ್ತಿಯಾಗಿ ಏರ್ಪಡಿಸಬೇಕು. ಅದಾಗದಿದ್ದರೆ ಇಂಥ ಕಾರ್ಯಕ್ರಮಗಳನ್ನು ಒಮ್ಮೆಗೇ ಕೈಬಿಟ್ಟು, ಸನ್ಮಾನ ಸಮಾರಂಭವೆಂದೇ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಬೇಕು. ನೂರು ರೂಪಾಯಿಗೆ ರಶೀದಿ ಕೊಡಬೇಕು ಅಥವಾ ರೂಪಾಯಿಯನ್ನೇ ಹಿಂದಿರುಗಿಸಬೇಕು. ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ. ಯಾರಿಗೆ ಸಂಬಂಧಪಟ್ಟಿದೆ ಎಂಬುದನ್ನು ಯಾರಾದರೂ ತಿಳಿಸಿದರೆ ಅದೂ ಉಪಕಾರವೇ.

ಇಂತಿ,
ನೋಂದಣಿ ಶುಲ್ಕ ಕಟ್ಟಿದ ಓದುಗ