ಶನಿವಾರದ ರೇಡ್: ಹೊಸಬರಿದ್ದಾರೆ, ಸ್ವಲ್ಪ ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ 9ಕ್ಕೆ ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಗೇಮ್‌ನಲ್ಲಿ ರೇಡ್, ಅಂದ್ರೆ ತಂಡ ಕಟ್ಟಿಕೊಂಡು ಬಾಸ್ ಅನ್ನೋ ದೊಡ್ಡ ಶತ್ರುವನ್ನು ಎದುರಿಸುವ ಆಟ, ಆಡ್ತಿದ್ದೇವೆ. ಸೋಮವಾರಪೇಟೆ, ವಿರಾಜಪೇಟೆ ಕಡೆಯ ಇಬ್ಬರು ಹೊಸಬರು ಬರುತ್ತಿದ್ದಾರೆ.

8 ಜನರ ತಂಡ: 2 ಟ್ಯಾಂಕ್ (ಬಾಸ್‌ನ ಹೊಡೆತ ತಡೆಯೋರು), 2 ಹೀಲರ್ (ಗಾಯ ವಾಸಿ ಮಾಡೋರು), 4 ಡ್ಯಾಮೇಜ್ (ಬಾಸನ್ನು ಹೊಡೆಯೋರು). ಒಬ್ಬರು ತಪ್ಪಿದರೆ ಎಲ್ಲರೂ ಸಾಯುವ ಹೊಡೆತಗಳಿವೆ. ಆಗ ‘ಯಾರಪ್ಪಾ ಅದು?’ ಅಂತ ಮಾತ್ರ ಕೇಳಬೇಡಿ. ಹೋದ ತಿಂಗಳು ಒಬ್ಬ ಹುಡುಗಿ ಮೂರನೇ ಸಲ ಸತ್ತ ಮೇಲೆ ಮೈಕ್ ಆಫ್ ಮಾಡಿದಳು. ಮತ್ತೆ ಬರಲೇ ಇಲ್ಲ. ನಾನೂ ಅವತ್ತು ಸುಮ್ನೆ ಇದ್ದೆ. ಅದು ಇನ್ನೂ ಚುಚ್ಚುತ್ತದೆ.

ಶುರುವಿಗೆ ಮುಂಚೆ ‘ಮೊದಲ ಸಲವಾ?’ ಅಂತ ಕೇಳಿ. ಎಲ್ಲವನ್ನೂ ಒಂದೇ ಸಲ ಹೇಳಬೇಡಿ, ತಲೆಗೆ ಹೋಗಲ್ಲ. ‘ನೆಲ ಕಿತ್ತಳೆ ಬಣ್ಣಕ್ಕೆ ತಿರುಗಿದ್ರೆ ಆಚೆ ಸರಿಯಿರಿ’, ಇಷ್ಟು ಮೊದಲಿಗೆ ಸಾಕು. ಉಳಿದದ್ದು ಸತ್ತಾಗ ಹೇಳಿ, ಆಗಲೇ ಅರ್ಥವಾಗೋದು. ಒಬ್ಬರೇ ಮಾತಾಡಿ, ನಾಲ್ಕು ಜನ ಒಟ್ಟಿಗೆ ಬೇಡ.

ಟ್ಯಾಂಕ್‌ನವರೇ, ಹೊಸಬರು ಕಟ್‌ಸೀನ್ (ಆಟದಲ್ಲಿ ಬರುವ ಕಥೆಯ ದೃಶ್ಯ) ನೋಡಿ ಮುಗಿಸುವ ತನಕ ಬಾಸನ್ನು ಮುಟ್ಟಬೇಡಿ. ಆ ಕಥೆ ನಾವೆಲ್ಲ ನೋಡಿದ್ದೇವೆ ಅಲ್ವಾ, ಅವರೂ ನೋಡಲಿ.

ಮಳೆಗೆ ಕರೆಂಟ್ ಹೋಗಿ ಯಾರಾದರೂ ಹೊರಬಿದ್ದರೆ 10 ನಿಮಿಷ ಕಾಯೋಣ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.