ನಿನ್ ಅಮ್ಮನ ಸೊಂಟನೋವಿನ ವಿಷ್ಯ

ಪುಟ್ಟಾ,

ಮೊನ್ನೆ ಬೆಂಗಳೂರಿಂದ ಬಂದೋನು ಜಗಲೀಲಿ ಕೂತು ಅಮ್ಮಂಗೆ "ಎಮ್ಮಾರೈ ನಾರ್ಮಲ್ ಇದೆ, ಎಲ್ಲ ನಿನ್ ತಲೇಲಿರೋದು" ಅಂದ್ಯಲ್ಲ, ನಾನು ಒಳಗೆ ಕಾಫಿ ಕುಡೀತಿದ್ದೆ, ಕೇಳಿಸ್ತು. ಎಲ್ರ ಮುಂದೆ ಬೇಡ ಅಂತ ಸುಮ್ನಿದ್ದೆ, ಈಗ ಬರೀತಿದೀನಿ. ತಲೇಲಿರೋದು ಅನ್ನೋದು ಒಂಥರಾ ನಿಜಾನೇ ಮಾರಾಯ, ಆದ್ರೆ ನೀನಂದ ಅರ್ಥದಲ್ಲಲ್ಲ.

ಸೊಂಟದ ಎಮ್ಮಾರೈ ಸೊಂಟ ತೋರ್ಸುತ್ತೆ ಅಷ್ಟೆ. ನೋವು ಮೂರು ತಿಂಗಳು ದಾಟಿದ್ರೆ ಡಾಕ್ಟ್ರು ಕ್ರಾನಿಕ್, ಅಂದ್ರೆ ಬಹಳ ದಿನದ ನೋವು ಅಂತಾರೆ, ಇವಳದ್ದು ಕಾಫಿ ಕೊಯ್ಲಲ್ಲಿ ಶುರುವಾಗಿದ್ದು ಈಗ ಮೂಡಿಗೇರೀಲಿ ಮಳೆ ಹಿಡೀತು. ಅಷ್ಟು ದಿನ ನೋವು ಕೂತ್ರೆ ಮಿದುಳಿನ ಭಾಗಗಳು ಒಂದಕ್ಕೊಂದು ಮಾತಾಡೋ ರೀತೀನೇ ಬದಲಾಗ್ಬಹುದು. 2008ರಲ್ಲಿ ಚಿಕಾಗೋದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಆಪ್ಕೇರಿಯನ್ ಅನ್ನೋ ವಿಜ್ಞಾನಿಯ ತಂಡ, ಬೆನ್ನುನೋವಿನವರಿಗೆ ಪರದೆ ನೋಡ್ಕೊಂಡು ಮಾಡೋ ಸುಲಭದ ಕೆಲಸ ಕೊಟ್ಟು ಸ್ಕ್ಯಾನ್ ಮಾಡ್ತು. ಕೆಲಸ ಎಲ್ರಷ್ಟೇ ಚೆನ್ನಾಗಿ ಮಾಡಿದ್ರಂತೆ. ಆದ್ರೆ ಡೀಫಾಲ್ಟ್ ಮೋಡ್ ನೆಟ್‌ವರ್ಕ್ ಅಂತ ಒಂದು ಜಾಲ ಇದೆ, ಸುಮ್ನೆ ಕೂತಾಗ ಹಿಂದಿನ್ದು ಮುಂದಿನ್ದು ಯೋಚ್ನೆ ಬರುತ್ತಲ್ಲ ಅದರದ್ದು, ನಾವು ಕೆಲಸಕ್ಕೆ ಗಮನ ಕೊಟ್ಟಾಗ ತಣ್ಣಗಾಗ್ಬೇಕು, ಅದರ ಕೆಲವು ಭಾಗ ಅವರಲ್ಲಿ ಸರಿಯಾಗಿ ತಣ್ಣಗಾಗ್ಲೇ ಇಲ್ಲ. ಬೋರಿನ ಮೋಟ್ರು ಓಡ್ತಾನೇ ಇದ್ರೆ ಮನೆ ಬಲ್ಬು ಡಿಮ್ಮಾಗುತ್ತಲ್ಲ, ನಾನಂತೂ ಹಂಗೆ ಅರ್ಥ ಮಾಡ್ಕೊಂಡಿದೀನಿ.

ಹೋದ ಶನಿವಾರ ನೋಡ್ದೆ, ಆಳುಗಳ ಬಟವಾಡೆಗೆ ಐನೂರರ ನೋಟು ಎಣಿಸ್ತಿದ್ಲು, ಮೂರು ಸಲ, ಎಡಗೈ ಸೊಂಟ ಬಿಡ್ಲಿಲ್ಲ. ಲೆಕ್ಕ ಒಂದ್ರೂಪಾಯಿ ತಪ್ಪಿಲ್ಲ, ಮುಗಿಸೋ ಹೊತ್ತಿಗೆ ಮುಖ ಬಾಡಿ ಸೊಪ್ಪಾಗಿತ್ತು. ನಿಂಗೆ ಲೆಕ್ಕ ಸರಿ ಇರೋದು ಮಾತ್ರ ಕಾಣುತ್ತೆ.

ಧೈರ್ಯ ಸಾಲ್ದು ಅಂತಾನೂ ಅನ್ಬೇಡ. ಅದೇ ತಂಡ 2012ರಲ್ಲಿ ಹೊಸದಾಗಿ ಬೆನ್ನುನೋವು ಬಂದವರನ್ನ ಒಂದು ವರ್ಷ ಹಿಂಬಾಲಿಸಿ ನೋಡಿದ್ರೆ, ಮಿದುಳಲ್ಲಿ ಹಣೆ ಹಿಂದಿನ ಭಾಗಕ್ಕೂ ಆಸೆ ಬಹುಮಾನ ಎಲ್ಲ ತೂಗೋ ನ್ಯೂಕ್ಲಿಯಸ್ ಅಕಂಬೆನ್ಸ್‌ಗೂ ಮೊದಲಿಂದ್ಲೇ ನಂಟು ಬಿಗಿಯಾಗಿದ್ದವರಿಗೇ ನೋವು ಉಳ್ಕೊಳ್ಳೋದು ಜಾಸ್ತಿ ಇತ್ತು. ಅದು ಯಾರ ಕೈಲಿರುತ್ತೆ ಹೇಳು.

ಹಂಗಂತ ಮಿದುಳಿನ ಸ್ಕ್ಯಾನಿಗೆ ದುಡ್ಡು ಸುರೀಬೇಡ ಮತ್ತೆ! ಅವೆಲ್ಲ ಗುಂಪಿನ ಸರಾಸರಿ ಲೆಕ್ಕ, ಒಬ್ಬೊಬ್ರಿಗೆ ನೋವಿದ್ಯಾ ಇಲ್ವಾ ಅಂತ ತೀರ್ಪು ಕೊಡಲ್ಲ.

ನಾನು ಮೆಣಸು ಕೊಯ್ಯೋಕೆ ಹೋಗಿ ಏಣಿಯಿಂದ ಬಿದ್ದ ವರ್ಷ ಒಬ್ಬ ಡಾಕ್ಟ್ರು ವಯಸ್ಸಾಯ್ತು ಬಿಡಿ ಅಂದ್ರು, ನಾನೂ ಎರಡು ತಿಂಗಳು ಮಂಚ ಹಿಡ್ದೆ, ಸೊಂಟ ಇನ್ನೂ ಬಿಗೀತು. ನಡೆಯೋಕೆ ಶುರು ಮಾಡಿದ್ಮೇಲೇ ಸಡಿಲ ಆಗಿದ್ದು. ಮಿದುಳೂ ಮೊದಲಿನ ಸ್ಥಿತಿಗೆ ಬರ್ಬಹುದು ಕಣೋ, 2011ರಲ್ಲಿ ಮಾಂಟ್ರಿಯಲ್‌ನಲ್ಲಿ ಬೆನ್ನುನೋವಿನವರಿಗೆ ಚಿಕಿತ್ಸೆ ಕೊಟ್ಟು ಆರು ತಿಂಗಳಾದ್ಮೇಲೆ ನೋಡಿದ್ರೆ ಮುಂದಿನ ಮಿದುಳಲ್ಲಿ ತೆಳುವಾಗಿದ್ದ ಜಾಗ ಮತ್ತೆ ದಪ್ಪ ಆಗಿತ್ತು.

ಕಾಲು ಸೋತ್ರೆ, ಮೂತ್ರ ತಡೆಯಾದ್ರೆ ಮಾತ್ರ ಕಾಯ್ಬೇಡ, ತಕ್ಷಣ ಹಾಸನಕ್ಕೆ ಕರ್ಕೊಂಡ್ ಹೋಗು. ಇಲ್ಲಾಂದ್ರೆ ಮುಂದಿನ ವಾರ ಬಂದಾಗ ಬೆಳಿಗ್ಗೆ ಡೈರಿಗೆ ಅವಳ ಜೊತೆ ನಡ್ಕೊಂಡು ಹೋಗು. ಹಾಲು ಅವಳೇ ಹಾಕ್ಲಿ, ಕ್ಯಾನ್ ಮಾತ್ರ ನೀನು ಹಿಡ್ಕೋ.

ನಿನ್ ಮಾವ